ಸಂಶೋಧನೆಯೂ ಒಂದು ಉದ್ಯೋಗ
(ಶಾಲೆಯ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪದವಿ ಪಡೆದ ಮೇಲೂ ಓದುವೆನೆಂದು ಮಗಳು ಹೇಳಿದರೆ, “ಇನ್ನೆಷ್ಟು ವರ್ಷ?” ಎಂದು ತಂದೆಯು ಚಿಂತಿಸುವುದು ಸಹಜ. ದುಡಿದು ಉಣ್ಣುವ ಮನೆಗಳಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ವಿಜ್ಞಾನದಲ್ಲಿ ಒಂದು ಹಂತ ದಾಟಿದವರಿಗೆ ಸಂಶೋಧನೆ ಮಾಡಲು ಸರಕಾರವೇ ವೇತನ ಕೊಡುವುದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು, ವಿಜ್ಞಾನ ವಿಷಯಗಳಿಗೆ ರಾಷ್ಟ್ರಮಟ್ಟದಲ್ಲಿ ನಡೆಯುವ ನೆಟ್ ಪರೀಕ್ಷೆ. ಎಂ.ಎಸ್‌ಸಿ.ಯಲ್ಲಿ ಶೇಕಡ 55 ಅಂಕ, ಪರಿಶಿಷ್ಟರೇ ಮೊದಲಾದವರಿಗೆ ಶೇಕಡ 50 ಅಂಕ, ಇರಬೇಕು. ಇದರಲ್ಲಿ ಕಿರಿಯ ಸಂಶೋಧಕರಾಗಿ ಆಯ್ಕೆಯಾದವರಿಗೆ 2023ರ ಜನವರಿಯಲ್ಲಿ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ತರುವಾಯ, ಕೆಲಸ ತೃಪ್ತಿಕರವಾಗಿದ್ದರೆ, 42,000 ರೂಪಾಯಿ. ಎರಡನೆಯದು, ಪ್ರಾಧ್ಯಾಪಕರಿಗೆ ಸರಕಾರದ ಇಲಾಖೆಗಳಿಂದ ದೊರೆತ ಯೋಜನೆಗಳಲ್ಲಿ ಸಹಾಯಕರಾಗುವುದು. ಯೋಜನೆ ಮುಗಿದೊಡನೆ ಈ ಕೆಲಸವೂ ಮುಗಿಯುವುದೆಂಬುದನ್ನು ಮೊದಲೇ ತಿಳಿದಿರಬೇಕು. ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ಅರ್ಹತೆ, ವಯೋಮಿತಿ, ಅವಧಿ, ವೇತನ, ಈ ನಾಲ್ಕನ್ನು ಗಮನಿಸಿ ಅರ್ಜಿ ಹಾಕಿರಿ. ಹಣ ಕೇಳುವ ಮಧ್ಯಸ್ಥರನ್ನು ನಂಬಬೇಡಿರಿ.

ಈ ಸಂಸ್ಥೆಗಳು ನಮಗೆ ದೂರವೂ ಅಲ್ಲ. ತಾಳಗಾಂವದಲ್ಲಿ 1985ರಿಂದ ಗೋವಾ ವಿಶ್ವವಿದ್ಯಾಲಯವಿದೆ. ದೋನಾ ಪಾವ್ಲಾದಲ್ಲಿ 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ. ವಾಸ್ಕೋದಲ್ಲಿರುವ ಕೇಂದ್ರವು ಅಂಟಾರ್ಕ್ಟಿಕದ ಹಿಮವನ್ನೇ ಅಭ್ಯಸಿಸುತ್ತದೆ. ಖಾನಾಪುರ ತಾಲೂಕಿನಲ್ಲಿ ಹುಟ್ಟುವ ಮಹದಾಯಿಯು ಇಲ್ಲಿ ಮಾಂಡವಿಯೆನಿಸಿ ಕಡಲು ಸೇರುತ್ತದೆ. ಅದರ ಅಳಿವೆಯಲ್ಲಿ ಉಪ್ಪುನೀರು ಎಷ್ಟು ದೂರ ಏರುವುದೆಂದು ವಿಜ್ಞಾನಿಗಳು ಅಳೆದಿದ್ದಾರೆ. ನಮ್ಮ ವಾಳವಂಟಿಯಲ್ಲಿ ನೆರೆಯೇಕೆ ಬರುತ್ತದೆ, ಗಣಿಯ ಕೆಂಪು ಮಣ್ಣು ಹೊಲಕ್ಕೆ ಏನು ಮಾಡುತ್ತದೆ ಎಂದು ಕೇಳುವ ಹುಡುಗನು ಆಗಲೇ ಸಂಶೋಧನೆಯ ಹೊಸ್ತಿಲಲ್ಲಿದ್ದಾನೆ.

ಕೆಲವರು ದೂರ ಹೋಗಬೇಕಾದೀತು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅನಂತಪುರದಲ್ಲಿಯೂ ಕಾಶಿಯಲ್ಲಿಯೂ ಓದಿ, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ ಮಾಡಿದರು. 1975ರಲ್ಲಿ ಆರ್ಯಭಟ ಉಪಗ್ರಹವು ಅವರ ನೇತೃತ್ವದಲ್ಲಿ ಸಿದ್ಧವಾಯಿತು. ಪಾಲಕರೆ, ಹೊಟ್ಟೆಪಾಡಿಗಾಗಿ ನಾವೇ ಊರು ಬಿಟ್ಟು ಬಂದಿದ್ದೇವೆ. ವಿದ್ಯೆಗಾಗಿ ಮಕ್ಕಳು ಹೊರಟರೆ ತಡೆಯುವುದು ಉಚಿತವೆ?

ಇನ್ನು ಭಾಷೆಯ ಮಾತು. ನೆಟ್ ಪ್ರಶ್ನೆಪತ್ರಿಕೆಯು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ನಿಜ. ಅದಕ್ಕೆ ಅಂಜಬೇಕಾಗಿಲ್ಲ. ಇಂದಿನಿಂದಲೇ ಒಂದು ವಹಿಯಲ್ಲಿ ವಿಜ್ಞಾನದ ಪ್ರತಿಯೊಂದು ಪದವನ್ನೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಡಿರಿ. ಕನ್ನಡದಲ್ಲಿ ಚೆನ್ನಾಗಿ ಮನದಟ್ಟಾದ ವಿಷಯಕ್ಕೆ ಇನ್ನೊಂದು ಭಾಷೆಯ ಹೆಸರು ಕಲಿಯುವುದು ಕಷ್ಟವಲ್ಲ. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಯಾವ ಭಾಷೆಯಲ್ಲಿಯೂ ನೆರವಾಗದು.

ಎಸ್.ಎಸ್.ಸಿ. ಆದೊಡನೆ ಮಗನನ್ನು ಕೂಲಿಗೆ ಕಳುಹಿಸಿದರೆ, ಮಗಳ ಓದು ನಿಲ್ಲಿಸಿದರೆ, ಈ ದಾರಿಗಳೆಲ್ಲ ಅಂದೇ ಮುಚ್ಚುತ್ತವೆ. ಗಣಿತಕ್ಕೆ ಹೆದರಿ ಅದನ್ನು ಬಿಟ್ಟವರಿಗೂ ಹಲವು ದಾರಿಗಳು ತಪ್ಪುತ್ತವೆ. ಪದವಿಯವರೆಗೆ ಓದಲು ಸಾಂಖಳಿಯಲ್ಲಿಯೇ ಸರಕಾರಿ ಮಹಾವಿದ್ಯಾಲಯವಿದೆ. ಆದುದರಿಂದ ಅಂಥ ನಿರ್ಧಾರಕ್ಕೆ ಮೊದಲು ಒಮ್ಮೆ ಶಾಲೆಗೆ ಬಂದು ನಮ್ಮೊಡನೆ ಮಾತನಾಡಬೇಕೆಂದು ಪಾಲಕರಲ್ಲಿ ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.