ಬರೆದವರು ಯಾರು ಎಂದು ಕೇಳುವ ಮಕ್ಕಳು

(ಕಮತಗಿಯ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸ)

 

ಶಾಲೆಯಲ್ಲಿ ನಾಡಿನ ಇತಿಹಾಸವನ್ನು ಹೇಗೆ ಕಲಿಸಬೇಕು ಎಂಬ ವಿಷಯ ಕೊಟ್ಟಿದ್ದೀರಿ. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ಪಂಡಿತನಲ್ಲ. ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಎಂಟನೇ ತರಗತಿಗೆ ಬಾದಾಮಿ ಚಾಲುಕ್ಯರ ಪಾಠವಿದೆ. ನಮ್ಮೂರಿಂದ ಅಮೀನಗಡದ ದಾರಿ ಹಿಡಿದರೆ ಐಹೊಳೆ ದೂರವೇನಲ್ಲ. ಅಲ್ಲಿಯ ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ ಬರೆದ ಶಾಸನ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಪಾಠ ಮುಗಿಸಿದಾಗ ಮಗ್ಗದ ಮನೆಯ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಇದನ್ನ ಬರದಾವ ಪುಲಕೇಶಿ ಕಡೆಯವನ ಅಲ್ರೀ? ಹಂಗಾದ್ರ ಹರ್ಷನ ಕಡೆಯವ್ರು ಏನಂತ ಬರದಾರ್ರೀ?” ಎಂದು ಕೇಳಿದಳು.

ತರಗತಿಯೆಲ್ಲ ನಕ್ಕಿತು. ನಗುವ ಪ್ರಶ್ನೆಯಲ್ಲ ಅದು. ರವಿಕೀರ್ತಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ದೊರೆಯನ್ನು ಅವನು ಹೊಗಳುವುದು ಸಹಜ. ಆದರೆ ಅದೇ ಕಾಲದಲ್ಲಿ ಚೀನಾದಿಂದ ಬಂದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಹರ್ಷನ ಆದರಕ್ಕೆ ಪಾತ್ರನಾಗಿದ್ದವನು. ಹರ್ಷನೇ ದಂಡು ಕಟ್ಟಿಕೊಂಡು ಬಂದರೂ ಪುಲಕೇಶಿಯ ನಾಡನ್ನು ಗೆಲ್ಲಲಾಗಲಿಲ್ಲ ಎಂದು ಅವನೂ ಬರೆದಿಟ್ಟಿದ್ದಾನೆ. ಎದುರು ಕಡೆಯಲ್ಲಿದ್ದವನ ಸಾಕ್ಷಿ ಸಿಕ್ಕಿದ ಮೇಲೆ ಆ ಮಾತಿಗೆ ಬಲ ಬಂತು. ಇದನ್ನು ಹೇಳಿದಾಗ ಆ ಹುಡುಗಿ, “ಹಂಗಾದ್ರ ಖರೇನ ಇರಬೇಕ್ರೀ” ಎಂದು ಕುಳಿತಳು. ಇಸವಿ ಬಾಯಿಪಾಠ ಮಾಡಿದ ಮಗು ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಹೀಗೆ ತಾನೇ ತೂಗಿ ನೋಡಿದ ಮಗು ಮರೆಯುವುದಿಲ್ಲ.

ಈ ತಕ್ಕಡಿಯನ್ನು ಪುಲಕೇಶಿಗೆ ಹಿಡಿದವರು ನಮ್ಮ ಬಸವಣ್ಣನವರ ಚರಿತ್ರೆಗೂ ಹಿಡಿಯಲು ಸಿದ್ಧರಿದ್ದೇವೆಯೇ? ಇವತ್ತು ನಾನು ಕೇಳಬೇಕೆಂದು ಬಂದ ಪ್ರಶ್ನೆ ಇದು.

2022ರ ಗದ್ದಲ ನಿಮಗೆ ನೆನಪಿದೆ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕವನ್ನು ಪರಿಷ್ಕರಿಸಿದಾಗ, ಉಪನಯನವಾದ ಮೇಲೆ ಬಸವಣ್ಣನವರು ಕೂಡಲಸಂಗಮಕ್ಕೆ ಹೋಗಿ ಶೈವ ಗುರುಗಳಿಂದ ಲಿಂಗದೀಕ್ಷೆ ಪಡೆದರು ಎಂಬರ್ಥದ ಮಾತು ಬಂತು. ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಅನೇಕ ಮಠಾಧೀಶರು, ಬಸವಪರ ಸಂಘಟನೆಗಳು ದನಿಗೂಡಿಸಿದವು. ಸರ್ಕಾರ ತಿದ್ದಲು ಒಪ್ಪಿತು. ಒಳ್ಳೆಯದೇ ಆಯಿತು. ಆದರೆ ಆಗ ನಮ್ಮೂರ ಕಟ್ಟೆಯ ಮೇಲೆ ಸಿಟ್ಟಿನಿಂದ ಮಾತಾಡಿದವರಲ್ಲಿ, ‘ಇದಕ್ಕೆ ಆಧಾರ ಏನು, ನಮ್ಮ ಮಾತಿಗೆ ಆಧಾರ ಏನು’ ಎಂದು ಕೇಳಿದವರು ಕಡಿಮೆ.

ಆಧಾರಗಳಿವೆ, ಬಂಧುಗಳೇ. ಹರಿಹರನ ಬಸವರಾಜದೇವರ ರಗಳೆಯಲ್ಲಿ ತಂದೆ ತಾಯಿ ತೀರಿಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದ ಬಸವಣ್ಣ ಇದ್ದಾರೆ. ಮೈಮೇಲಿದ್ದ ಜನಿವಾರವನ್ನು ತೆಗೆದೊಗೆದು ಸಂಗಮದ ದಾರಿ ಹಿಡಿಯುತ್ತಾರೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, ಅದನ್ನು ಅನುಸರಿಸಿ ಭೀಮಕವಿ 1369ರಲ್ಲಿ ಬರೆದ ಕನ್ನಡ ಬಸವಪುರಾಣದಲ್ಲಿ, ತಂದೆಯ ಎದುರೇ ನಿಂತು ಉಪನಯನ ಒಲ್ಲೆನೆನ್ನುವ ಬಾಲಕ ಇದ್ದಾರೆ. ಒಂದರಲ್ಲಿ ಹಾಕಿದ ಜನಿವಾರ ತೆಗೆದರು, ಇನ್ನೊಂದರಲ್ಲಿ ಹಾಕಿಸಿಕೊಳ್ಳಲೇ ಇಲ್ಲ. ಎರಡೂ ಕೂಡುವುದಿಲ್ಲ. ಇದನ್ನು ಮಕ್ಕಳಿಗೆ ಹೇಳಿದರೆ ಭಕ್ತಿ ಕೆಡುತ್ತದೆ ಎಂದು ಕೆಲವರು ಅಂಜುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಥೆ ಬೇರೆಯಾದರೂ ಜನಿವಾರವನ್ನು ಬಿಟ್ಟು ಹೊರಟರು ಎಂಬಲ್ಲಿ ಇಬ್ಬರೂ ಕೂಡುತ್ತಾರೆ. ಎಲ್ಲರೂ ಒಪ್ಪುವ ಆ ಸಂಗತಿಯನ್ನೇ ಪುಸ್ತಕ ಬಿಟ್ಟರೆ ಅದು ತಪ್ಪು ಎಂದು ಆಗ ಗಟ್ಟಿಯಾಗಿ ಹೇಳಬಹುದು. ಘೋಷಣೆಗಿಂತ ಈ ಮಾತಿಗೆ ತೂಕ ಹೆಚ್ಚು.

ಕಲ್ಲಿನ ಸಾಕ್ಷಿಯೂ ಇದೆ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ 1260ರದು, ಕಲ್ಯಾಣದ ಕಾಲದಿಂದ ನೂರು ವರ್ಷದೊಳಗಿನದು. ಬಾಗೇವಾಡಿಯ ಮಾದಿರಾಜನ ಮಗ ಬಸವರಾಜ ಎಂದು ಅದರಲ್ಲಿದೆ. ಬಸವಣ್ಣ ಪುರಾಣದ ಪಾತ್ರವಲ್ಲ, ನಮ್ಮ ನೆಲದಲ್ಲಿ ನಡೆದಾಡಿದ ಮನುಷ್ಯ ಎಂದು ಆ ಕಲ್ಲು ಹೇಳುತ್ತದೆ. ಪವಾಡದ ಕಥೆ ಹತ್ತು ಹೇಳುವ ನಾವು ಮಕ್ಕಳಿಗೆ ಈ ಕಲ್ಲಿನ ವಿಷಯ ಒಮ್ಮೆಯಾದರೂ ಹೇಳಿದ್ದೇವೆಯೇ?

ಫ.ಗು. ಹಳಕಟ್ಟಿಯವರು ಮಾಡಿದ್ದೂ ಇದೇ ಕೆಲಸ. ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದವರು ಮನೆ ಮನೆ, ಮಠ ಮಠ ತಿರುಗಿ ತಾಳೆಗರಿಯ ಕಟ್ಟುಗಳನ್ನು ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿದ್ದ ಕಟ್ಟನ್ನು ಬಿಚ್ಚಿ ಓದಿದ್ದರಿಂದ ವಚನಗಳು ನಮಗೆ ದಕ್ಕಿದವು. ಕೈಮುಗಿದು ಬಿಟ್ಟಿದ್ದರೆ ಹುಳ ತಿನ್ನುತ್ತಿತ್ತು.

ಇನ್ನೊಂದು ಮಾತು. ನಮ್ಮ ಮಕ್ಕಳಿಗೆ ಇತಿಹಾಸವೆಂದರೆ ಅರಸರದು, ತಮ್ಮ ಮನೆಯದಲ್ಲ ಎಂಬ ಭಾವನೆ ಇದೆ. ಕಮತಗಿಯಲ್ಲಿ ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಮಗುವಿಗೆ, ಬಸವಣ್ಣನವರಿಗಿಂತ ಹಿಂದಿನ ವಚನಕಾರ ಜೇಡರ ದಾಸಿಮಯ್ಯನವರು ನೇಕಾರರು ಎಂದು ಹೇಳಿ ನೋಡಿರಿ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣದ ತುಂಬ ವ್ಯಾಪಾರ ಮಾಡಿತು ಎಂದು ಹೇಳಿ ನೋಡಿರಿ. ಬೆನ್ನು ನೆಟ್ಟಗಾಗುತ್ತದೆ.

ನನ್ನ ವಿನಂತಿ ಮೂರು. ಊರಿನ ಹಿರಿಯರು ವರ್ಷಕ್ಕೊಮ್ಮೆ ಮಕ್ಕಳಿಗೊಂದು ಗಾಡಿ ಮಾಡಿಕೊಡಬೇಕು. ಐಹೊಳೆಯ ಶಾಸನದ ಮುಂದೆ ನಿಲ್ಲಿಸಿ, ಸಂಜೆಗೆ ಕೂಡಲಸಂಗಮ ಕಾಣಿಸಿ ಕರೆತರಬೇಕು. ಪ್ರಸಾದ ನಿಲಯ ನಡೆಸುವ ಮಠಗಳು ಅಲ್ಲಿಯ ಕಪಾಟಿನಲ್ಲಿ ವಚನ ಸಂಪುಟಗಳ ಜೊತೆಗೆ ಶಾಸನಗಳ ಪುಸ್ತಕವನ್ನೂ ಇಡಬೇಕು. ತಾಯಂದಿರು ಮನೆಗೆ ಬಂದ ಮಗುವಿಗೆ ‘ಎಷ್ಟು ಮಾರ್ಕ್ಸ್ ಬಂತು’ ಎನ್ನುವ ಮೊದಲು ‘ಇವತ್ತು ಏನು ಕೇಳಿದಿ’ ಎನ್ನಬೇಕು.

ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಪಠ್ಯಪುಸ್ತಕ ಇನ್ನೂ ಹತ್ತು ಸಲ ಬದಲಾದೀತು, ಸಮಿತಿಗಳು ಬಂದಾವು, ಹೋದಾವು. ಆಧಾರ ಕೇಳುವುದನ್ನು ಕಲಿತ ಮಗುವಿಗೆ ಯಾರೂ ಸುಳ್ಳು ಕಲಿಸಲಾರರು. ಆ ಮಗು ನಮ್ಮನ್ನೂ ಕೇಳುತ್ತದೆ. ಆಗ ನಾವು ಸಿಟ್ಟಾಗದೆ ಉತ್ತರ ಕೊಡೋಣ, ಗೊತ್ತಿಲ್ಲದಿದ್ದರೆ ಕೂಡಿ ಹುಡುಕೋಣ.