ತಾಲ್ಲೂಕಿಗೆ ನಾಲ್ಕು ಮಕ್ಕಳು

ಒಂದು ಲೆಕ್ಕ ಹಾಕಿ ನೋಡಿ. ಜಗತ್ತಿನಲ್ಲಿ ಹುಟ್ಟುವ ಪ್ರತಿ 1,000ದಿಂದ 1,100 ಮಕ್ಕಳಲ್ಲಿ ಒಬ್ಬರಿಗೆ ಡೌನ್ ಸಿಂಡ್ರೋಮ್ ಇರುತ್ತದೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಮಕ್ಕಳು ಹುಟ್ಟುತ್ತಾರೆ. ಆ ಲೆಕ್ಕಕ್ಕೆ ವರ್ಷಕ್ಕೆ ಸಾವಿರದಷ್ಟು ಇಂಥ ಮಕ್ಕಳು, ತಾಲ್ಲೂಕಿಗೆ ಸರಾಸರಿ ನಾಲ್ಕು. ನೀವು ಹುಟ್ಟಿದ ವರ್ಷವೇ, ನಿಮ್ಮದೇ ತಾಲ್ಲೂಕಿನಲ್ಲಿ, ಅಂಥ ಮೂರ್ನಾಲ್ಕು ಮಕ್ಕಳು ಹುಟ್ಟಿರಬೇಕು. ಅಂಗನವಾಡಿಯಿಂದ ಪಿಯುಸಿವರೆಗೆ ಅವರಲ್ಲಿ ಎಷ್ಟು ಮಂದಿ ನಿಮ್ಮ ಪಕ್ಕ ಕೂತಿದ್ದರು? ಅವರ ಹೆಸರು ನಿಮಗೆ ಗೊತ್ತೇ?

ಬಹುತೇಕರಿಗೆ ಗೊತ್ತಿರುವುದಿಲ್ಲ. ಆ ಮಕ್ಕಳನ್ನು ನಾವು ಮನೆಯೊಳಗೇ ಉಳಿಸಿಬಿಟ್ಟಿದ್ದೇವೆ. ಇದನ್ನು ಬದಲಿಸಲು ಕಾಲೇಜು ಓದುವ ನಿಮ್ಮ ವಯಸ್ಸಿನವರಿಂದ ಆಗುತ್ತದೆ ಎಂದು ನಂಬಿ ಈ ಮಾತು ಬರೆಯುತ್ತಿದ್ದೇನೆ.

ಮೊದಲು ವಿಷಯ ಸರಿಯಾಗಿ ತಿಳಿದಿರಲಿ. ನಮ್ಮ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮ್ ಎರಡಿರಬೇಕು, ಡೌನ್ ಸಿಂಡ್ರೋಮ್ ಇರುವವರಲ್ಲಿ ಮೂರಿರುತ್ತದೆ. 1959ರಲ್ಲಿ ಪ್ಯಾರಿಸ್ಸಿನ ವಿಜ್ಞಾನಿಗಳು ಇದನ್ನು ಲೋಕಕ್ಕೆ ತಿಳಿಸಿದರು. ಅವರಲ್ಲಿ ಜೆರೋಮ್ ಲೆಜೂನ್ ಅವರ ಹೆಸರು ಮುಂದೆ ಬಂತು. ಆದರೆ ಅದಕ್ಕೆ ಬೇಕಾದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದು ಮಾರ್ತ್ ಗೋತಿಯೆ ಎಂಬ ವೈದ್ಯೆ. ಡೌನ್ ಸಿಂಡ್ರೋಮ್ ಗ್ರಹಣದಿಂದ ಬಂದದ್ದಲ್ಲ, ಯಾರ ಶಾಪದಿಂದಲೂ ಬಂದದ್ದಲ್ಲ, ತಾಯಿ ತಿಂದದ್ದು ಉಂಡದ್ದರಿಂದಲೂ ಅಲ್ಲ. ತಾಯಿಯ ವಯಸ್ಸು ಏರಿದಂತೆ ಸಾಧ್ಯತೆ ಹೆಚ್ಚುವುದು ನಿಜ: 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಆದರೂ ಇಂಥ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರು 35 ದಾಟದವರೇ. ಏಕೆಂದರೆ ಹೆರಿಗೆಗಳು ಹೆಚ್ಚು ಆಗುವುದು ಆ ವಯಸ್ಸಿನಲ್ಲೇ. ಬಡವರು ಬಲ್ಲಿದರೆನ್ನದೆ, ಯಾವ ಜಾತಿ ಯಾವ ದೇಶವೆನ್ನದೆ, ಯಾರ ಮನೆಯಲ್ಲಾದರೂ ಈ ಮಗು ಹುಟ್ಟಬಹುದು. ಹೀಗಿರುವಾಗ ಆ ತಾಯಿಯೊಬ್ಬಳನ್ನೇ ಎದುರು ನಿಲ್ಲಿಸಿ ಪ್ರಶ್ನಿಸುವುದು ಅನ್ಯಾಯ.

ಈಗ ಇನ್ನೊಂದು ಅಂಕಿ. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು ಸುಮಾರು 25 ವರ್ಷ. ಇಂದು 60ರ ಹತ್ತಿರ. ಕ್ರೋಮೋಸೋಮ್ ಬದಲಾಗಲಿಲ್ಲ, ಬದಲಾದದ್ದು ಸುತ್ತಲಿನ ಜನ. ಈ ಮಕ್ಕಳಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಒಂದು ಕಾಲದಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ಮಾಡುವುದೇ ವ್ಯರ್ಥ ಎಂದುಕೊಂಡಿದ್ದರು, ದೂರದ ಆಶ್ರಮಗಳಿಗೆ ಸೇರಿಸಿ ಮರೆಯುತ್ತಿದ್ದರು. ಹೃದಯ ರಿಪೇರಿಯಾಯಿತು, ಮಕ್ಕಳು ಮನೆಗೆ ಬಂದರು, ಶಾಲೆಗೆ ಹೋದರು. ಬದುಕು ಒಂದೇ ತಲೆಮಾರಿನೊಳಗೆ ಎರಡು ಪಟ್ಟಿಗಿಂತ ಹೆಚ್ಚು ಉದ್ದವಾಯಿತು. ನನಗೆ ಇದಕ್ಕಿಂತ ಧೈರ್ಯ ಕೊಡುವ ಅಂಕಿ ಬೇರೆ ಕಂಡಿಲ್ಲ.

ಐಸ್‌ಲ್ಯಾಂಡಿನ ಕಥೆ ಬೇರೆ. ಅಲ್ಲಿ ಬಹುತೇಕ ಗರ್ಭಿಣಿಯರು ತಪಾಸಣೆ ಮಾಡಿಸುತ್ತಾರೆ. ಡೌನ್ ಸಿಂಡ್ರೋಮ್ ಖಚಿತವಾದರೆ ಹೆಚ್ಚುಕಡಿಮೆ ಎಲ್ಲರೂ ಗರ್ಭ ಮುಂದುವರಿಸುವುದಿಲ್ಲ. ಇಡೀ ದೇಶದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟೇ ಇಂಥ ಮಕ್ಕಳು ಹುಟ್ಟುತ್ತಾರೆ. ಆ ನಿರ್ಧಾರ ತಾಯಿಯದು, ಅದನ್ನು ಅಳೆಯಲು ನಾನು ಯಾರು? ಆದರೆ ನಿರ್ಧರಿಸುವ ಹೊತ್ತಿನಲ್ಲಿ ಅವಳ ಕಣ್ಣು ನಮ್ಮ ಮೇಲಿರುತ್ತದೆ. ನನ್ನ ಮಗುವನ್ನು ಶಾಲೆಗೆ ಸೇರಿಸಿಕೊಳ್ಳುತ್ತಾರೆಯೇ, ಬಸ್ಸಿನಲ್ಲಿ ದಿಟ್ಟಿಸಿ ನೋಡುತ್ತಾರೆಯೇ, ನಾನು ಹೋದ ಮೇಲೆ ಇದಕ್ಕೆ ಯಾರು? ಈ ಪ್ರಶ್ನೆಗಳಿಗೆ ಯಾವ ಸ್ಕ್ಯಾನಿಂಗ್ ಯಂತ್ರವೂ ಉತ್ತರ ಕೊಡದು. ನಾವು ಕೊಡಬೇಕು.

ಉತ್ತರ ಕೊಟ್ಟವರು ನಮ್ಮಲ್ಲೇ ಇದ್ದಾರೆ. 2017ರಲ್ಲಿ ಅಲೀನಾ ಆಲಂ ಎಂಬ ಯುವತಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಮಿಟ್ಟಿ ಕೆಫೆ ತೆರೆದರು. ಅಲ್ಲಿ ಚಹಾ ಮಾಡುವವರು, ಬಡಿಸುವವರು, ಲೆಕ್ಕ ನೋಡುವವರು ಅಂಗವೈಕಲ್ಯ ಅಥವಾ, ಡೌನ್ ಸಿಂಡ್ರೋಮ್‌ನಲ್ಲಿರುವಂತೆ, ಬೌದ್ಧಿಕ ಅಸಾಮರ್ಥ್ಯ ಇರುವವರು. ಹುಬ್ಬಳ್ಳಿಯಲ್ಲಿ ಹಚ್ಚಿದ ಆ ಒಲೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂತು, 2023ರಲ್ಲಿ ಸುಪ್ರೀಂ ಕೋರ್ಟಿನ ಅಂಗಳ ತಲುಪಿತು. ಶುರು ಮಾಡಿದಾಗ ಅಲೀನಾ ನಿಮ್ಮದೇ ವಯಸ್ಸಿನ ಆಸುಪಾಸಿನವರು.

2020ರಲ್ಲಿ ಫ್ಲಾರಿಡಾದ ಕ್ರಿಸ್ ನಿಕಿಕ್ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಅದರ ಮೇಲೆ ಪೂರ್ತಿ ಮ್ಯಾರಥಾನ್ ಓಡಿ, ಐರನ್‌ಮ್ಯಾನ್ ಸ್ಪರ್ಧೆ ಮುಗಿಸಿದ ಡೌನ್ ಸಿಂಡ್ರೋಮ್ ಇರುವ ಮೊದಲ ವ್ಯಕ್ತಿಯಾದರು. ಚಪ್ಪಾಳೆ ತಟ್ಟಿ. ಆದರೆ ಗೆದ್ದವರಿಗಷ್ಟೇ ತಟ್ಟಬೇಡಿ. ಎಂದೂ ಪದಕ ಗೆಲ್ಲದ, ಅಂಗಿಯ ಗುಂಡಿ ಹಾಕಿಕೊಳ್ಳಲು ತಿಂಗಳುಗಟ್ಟಲೆ ಕಲಿಯುವ ಹುಡುಗಿಗೂ ಈ ಊರಿನಲ್ಲಿ ನಿಮ್ಮಷ್ಟೇ ಪಾಲಿದೆ.

ಕಾನೂನೂ ಅದನ್ನೇ ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಥವರಿಗೆ ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು. ಆದರೆ ತಾಲ್ಲೂಕು ಕಚೇರಿ, ಜಿಲ್ಲಾಸ್ಪತ್ರೆ ಎಂದು ಅಲೆದು ದಣಿದ ಅಪ್ಪ ಅಮ್ಮಂದಿರಿಗೆ ಕಾಯ್ದೆಯ ಪುಸ್ತಕಕ್ಕಿಂತ ಜೊತೆಗೆ ಬರುವ ಒಬ್ಬ ಹುಡುಗ, ಒಬ್ಬ ಹುಡುಗಿ ಬೇಕು.

ನೀವು ಬನ್ನಿ. ವಿಶೇಷ ಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಮೊಬೈಲಿನಲ್ಲಿ ಅರ್ಜಿ ತುಂಬಿಕೊಡಿ. ವೈದ್ಯಕೀಯ ಓದುವವರೇ, ಇಂಥ ಹಸುಗೂಸು ಕಂಡ ದಿನವೇ ಹೃದಯದ ಎಕೋ, ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಮಾತು ತಡವಾದ ಮಗುವಿದ್ದರೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯ ದಾರಿ ತೋರಿಸಿ. ಆಡುವವರೇ, ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಯೂನಿಫೈಡ್ ಎಂಬ ವಿಭಾಗವೇ ಇದೆ, ಬೌದ್ಧಿಕ ಅಸಾಮರ್ಥ್ಯ ಇರುವವರೂ ಇಲ್ಲದವರೂ ಒಂದೇ ತಂಡದಲ್ಲಿ ಆಡುತ್ತಾರೆ. ಅಂಥದೊಂದು ತಂಡ ನಿಮ್ಮ ಕಾಲೇಜಿನಲ್ಲೂ ಹುಟ್ಟಲಿ. ಇವೆಲ್ಲಕ್ಕಿಂತ ಮೊದಲು ಗೆಳೆತನ ಮಾಡಿ. ಅವರ ಮಾತು ಮುಗಿಯುವವರೆಗೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ.

ಮಾರ್ಚ್ 21 ವಿಶ್ವ ಡೌನ್ ಸಿಂಡ್ರೋಮ್ ದಿನ. ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ಭಾನುವಾರವೇ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಅಕ್ಕನನ್ನೋ ಕಂಡು, ಇಂಥ ಮಕ್ಕಳಿರುವ ಮನೆಗಳಿಗೆ ನನ್ನನ್ನು ಪರಿಚಯಿಸಿ ಎಂದು ಕೇಳಿ. ಮನೆಯವರು ಒಪ್ಪಿದರೆ ಹೋಗಿ ಬಾಗಿಲು ತಟ್ಟಿ.