ಕಾಲೇಜಿನ ಮೆಟ್ಟಿಲು ಹತ್ತುವ ಮೊದಲು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಶಾಲೆಯ ನೆನಪುಗಳನ್ನು ಹೇಳಿ ಎಂದು ಸಮಿತಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ನೆನಪು ಹೇಳುವವರು ಇವತ್ತು ಬಹಳ ಜನ ಇದ್ದಾರೆ. ನಾನು ಒಂದೇ ವಿಷಯ ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ಓದುವ ಅಂಗವಿಕಲ ಮಕ್ಕಳು ಮುಂದೆ ಕಾಲೇಜಿಗೆ ಹೋದಾಗ ಅವರಿಗೆ ಏನು ಸಿಗಬೇಕು, ಅದು ಸಿಗಬೇಕಾದರೆ ಇಲ್ಲಿರುವಾಗಲೇ ನಾವು ಏನು ಮಾಡಬೇಕು ಎಂಬುದು ಆ ವಿಷಯ.

ನಾನು ಕಾರವಾರದ ಕಾಲೇಜೊಂದರಲ್ಲಿ ಗ್ರಂಥಪಾಲಕ. ಎರಡು ವರ್ಷದವನಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತು. ಹೀಗಾಗಿ ಅರ್ಜಿ ಕೊಡುವವನಾಗಿಯೂ ಗೊತ್ತು, ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಕೂತವನಾಗಿಯೂ ಗೊತ್ತು.

1982ರಲ್ಲಿ ನಾನು ಈ ಶಾಲೆಗೆ ಎಂಟನೇ ತರಗತಿಗೆ ಬಂದೆ. ನಮ್ಮ ತರಗತಿಗೆ ಹೋಗಲು ಐದು ಮೆಟ್ಟಿಲು ಹತ್ತಬೇಕಿತ್ತು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತಿತ್ತು. ಜೂನ್ ತಿಂಗಳ ಎರಡನೇ ವಾರ ನಮ್ಮ ಕ್ಲಾಸ್ ಮಾಸ್ತರರು ಎರಡು ತರಗತಿಗಳ ಕೋಣೆ ಅದಲುಬದಲು ಮಾಡಿಬಿಟ್ಟರು. ಯಾಕೆಂದು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಖರ್ಚು ಒಂದು ಪೈಸೆಯೂ ಆಗಲಿಲ್ಲ. ಮೂರು ವರ್ಷ ನಾನು ನೆಲಮಟ್ಟದ ಕೋಣೆಯಲ್ಲಿ ಓದಿದೆ.

ಆಮೇಲೆ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಜಿಲ್ಲೆಯ ಹೊರಗಿನ ಒಂದು ಕಾಲೇಜಿಗೆ ಹೋದೆ. ನನಗೆ ವಿಜ್ಞಾನ ಓದುವ ಆಸೆ, ಅಂಕಗಳೂ ಇದ್ದವು. ಪ್ರಯೋಗಾಲಯ ಎರಡನೇ ಮಹಡಿಯಲ್ಲಿತ್ತು. "ನಿನಗೆ ಯಾಕಪ್ಪಾ ಈ ಕಷ್ಟ, ಆರ್ಟ್ಸ್ ತಕೋ" ಎಂದು ಕಚೇರಿಯಲ್ಲಿ ಪ್ರೀತಿಯಿಂದಲೇ ಹೇಳಿದರು. ತಕೊಂಡೆ. ನನ್ನ ಬದುಕು ಚೆನ್ನಾಗಿಯೇ ಇದೆ, ದೂರು ಹೇಳುತ್ತಿಲ್ಲ. ಆದರೆ ನನ್ನ ವಿಷಯವನ್ನು ಆಯ್ಕೆ ಮಾಡಿದ್ದು ನಾನಲ್ಲ, ಆ ಮೆಟ್ಟಿಲು. ಆಗ ನಾನು ಕೇಳಬಹುದಾದ ಕಾನೂನು ಇರಲಿಲ್ಲ. ಈಗ ಇದೆ.

ಅಂಗವಿಕಲರಿಗಾಗಿ ನಮ್ಮ ದೇಶದಲ್ಲಿ ಸಮಗ್ರವಾದ ಕಾಯ್ದೆ ಬಂದದ್ದು 1995ರಲ್ಲಿ. ಅದರಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಅದರ ಜಾಗದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ. ಅಕ್ಷರ ಜೋಡಿಸಿ ಓದಲು ಕಷ್ಟಪಡುವ ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ತಲಸ್ಸೀಮಿಯಾ, ಹಿಮೋಫಿಲಿಯಾ ಇವೂ ಅದರಲ್ಲಿವೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇಕಡಾ 40 ಅಥವಾ ಹೆಚ್ಚು ವೈಕಲ್ಯ ಇರುವವರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲಿಡಬೇಕು, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ ಕೊಡಬೇಕು. ಸೀಟು ಕೊಟ್ಟರೆ ಮುಗಿಯಲಿಲ್ಲ. ಆ ವಿದ್ಯಾರ್ಥಿ ಓದುವುದಕ್ಕೆ ಬೇಕಾದ ಸಮಂಜಸ ಅನುಕೂಲವನ್ನೂ ಸಂಸ್ಥೆ ಮಾಡಿಕೊಡಬೇಕು.

ಸಮಂಜಸ ಅನುಕೂಲ ಎಂದರೇನು? ನಮ್ಮ ಬಯಲಾಟವನ್ನೇ ನೆನಪು ಮಾಡಿಕೊಳ್ಳಿ. ಕಿವಿ ಮಂದವಾದ ಅಜ್ಜನಿಗೆ ರಂಗಸ್ಥಳದ ಎದುರೇ ಜಾಗ ಬಿಡುತ್ತೇವೆ. ಅದರಿಂದ ಅಜ್ಜನಿಗೆ ನಮಗಿಂತ ಹೆಚ್ಚು ಆಟ ಸಿಗುವುದಿಲ್ಲ. ನಮಗೆ ಸಿಕ್ಕಷ್ಟೇ ಸಿಗುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟಾಗ ಕೆಲವರು "ಅವನಿಗೆ ಮಾತ್ರ ಯಾಕೆ?" ಎಂದು ಕೇಳುತ್ತಾರೆ. ಅವರಿಗೆ ನಾನು ಈ ಅಜ್ಜನ ಉದಾಹರಣೆ ಕೊಡುತ್ತೇನೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಉತ್ತರ ಅವನದೇ ತಲೆಯಿಂದ ಬರಬೇಕು.

ಹಿಂದೆ ನಮ್ಮ ಕಡೆ ಕಣ್ಣು ಕಾಣದ ಹುಡುಗನಿದ್ದರೆ ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕಳಿಸಿ, ಸಂಗೀತ ಕಲಿಯುತ್ತಾನೆ ಎನ್ನುತ್ತಿದ್ದರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಮಾಡಿದ್ದು ಎಷ್ಟೋ ಮನೆಗಳಿಗೆ ಬೆಳಕು ಕೊಟ್ಟ ಕೆಲಸ. ಆದರೆ ಕಣ್ಣು ಕಾಣದ ಪ್ರತಿ ಮಗುವಿಗೂ ಸಂಗೀತವೇ ಒಲಿಯಬೇಕೆಂದಿಲ್ಲವಲ್ಲ. ಕೆಲವರಿಗೆ ಇತಿಹಾಸ ಬೇಕು, ಕೆಲವರಿಗೆ ವಾಣಿಜ್ಯ, ಕಂಪ್ಯೂಟರ್ ಬೇಕು.

ಕಾಲೇಜಿನಲ್ಲಿ ಇಂಥ ಬೆಂಬಲ ಸೇವೆ ಎಂಬುದು ಎಲ್ಲೂ ತಾನಾಗಿ ಹುಟ್ಟಿದ್ದಲ್ಲ. ಅಮೆರಿಕದ ಎಡ್ ರಾಬರ್ಟ್ಸ್ ಎಂಬವರಿಗೆ 14ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕುತ್ತಿಗೆಯ ಕೆಳಗೆ ಚಲನೆ ಹೋಯಿತು, ಉಸಿರಾಟಕ್ಕೂ ಯಂತ್ರ ಬೇಕಾಯಿತು. ವ್ಯಾಯಾಮ ಮತ್ತು ವಾಹನ ಚಾಲನೆಯ ಪಾಠ ಪೂರೈಸಿಲ್ಲ ಎಂದು ಹೈಸ್ಕೂಲಿನ ಪ್ರಮಾಣಪತ್ರವನ್ನೇ ತಡೆಹಿಡಿಯಲು ನೋಡಿದರು. ಅವರ ತಾಯಿ ಹೋರಾಡಿ ಕೊಡಿಸಿದರು. 1962ರಲ್ಲಿ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ವಸತಿಗೃಹದಲ್ಲಿ ಅನುಕೂಲವಿಲ್ಲದ್ದರಿಂದ ಅಲ್ಲಿನ ಆಸ್ಪತ್ರೆಯಲ್ಲೇ ವಾಸ. ಅವರೂ ಅವರ ಗೆಳೆಯರೂ ಕೇಳುತ್ತಲೇ ಹೋದದ್ದರಿಂದ 1970ರ ಹೊತ್ತಿಗೆ ಅಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗಾಗಿಯೇ ಒಂದು ವಿಭಾಗ ಶುರುವಾಯಿತು. ಇಡೀ ಕಥೆ ಆರಂಭವಾದದ್ದು ಒಂದು ಹೈಸ್ಕೂಲಿನಲ್ಲಿ, ಒಬ್ಬ ತಾಯಿ ಸುಮ್ಮನಿರದಿದ್ದರಿಂದ.

ನಮ್ಮ ಜಿಲ್ಲೆಗೆ ಬರೋಣ. 1966ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆದಾಗ, ಬಡವರ ಮಕ್ಕಳಿಗೆ ಕಾಲೇಜು ಹತ್ತಿರವಾಯಿತು. ಈಗ ಕಾರವಾರದಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು ಎಲ್ಲವೂ ಇವೆ. ಕಾಲೇಜು ಹತ್ತಿರ ಬಂತು. ಒಳಗೆ ಹೋದ ಮೇಲೆ ಓದುವ ಅನುಕೂಲವೂ ಬೇಕು. ಏನೇನು ಕೇಳಬಹುದು ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ಮೊದಲನೆಯದು ಪರೀಕ್ಷೆ. ಬರೆಯಲು ಆಗದವರಿಗೆ ಉತ್ತರ ಬರೆದುಕೊಡುವ ಸಹಾಯಕ, ಅಂದರೆ ಸ್ಕ್ರೈಬ್. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಶೇಕಡಾ 40 ಇಲ್ಲದವರು ಸುಮ್ಮನಿರಬೇಕೇ? ಬೇಡ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟು, ಸ್ಕ್ರೈಬ್ ಸೌಲಭ್ಯವನ್ನು ಶೇಕಡಾ 40ರ ಗೆರೆಗೆ ಕಟ್ಟಿಹಾಕುವಂತಿಲ್ಲ ಎಂದಿತು.

ಎರಡನೆಯದು ತರಗತಿ ಮತ್ತು ಕಟ್ಟಡ. ಕಿವಿ ಮಂದ ಇರುವ ವಿದ್ಯಾರ್ಥಿಗೆ ಮುಂದಿನ ಬೆಂಚು. ಉಪನ್ಯಾಸಕರು ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡದೆ ಮುಖ ಕಾಣುವಂತೆ ಮಾತಾಡುವುದು. ನಡೆಯಲಾಗದವರ ತರಗತಿಯನ್ನು ಕೆಳಗಿನ ಕೋಣೆಗೆ ತರುವುದು. ಇಳಿಜಾರು ದಾರಿ, ಹಿಡಿಕೆಯಿರುವ ಶೌಚಾಲಯ. ಹೆಣ್ಣುಮಕ್ಕಳು ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿ ಸಂಜೆ ಮನೆ ಮುಟ್ಟುವವರೆಗೆ ನೀರೇ ಕುಡಿಯದೆ ಇರುತ್ತಾರೆ. ಬಳಸಲು ಬರುವ ಶೌಚಾಲಯ ಇಲ್ಲದೆ ಕಾಲೇಜು ಬಿಟ್ಟವಳನ್ನು ನಾನು ಬಲ್ಲೆ.

ಮೂರನೆಯದು ನನ್ನದೇ ವಿಭಾಗ, ಓದುವ ಸಾಮಗ್ರಿ. ದೃಷ್ಟಿಯಿಲ್ಲದವರಿಗೆ ಕಂಪ್ಯೂಟರಿನ ಪರದೆಯನ್ನು ಓದಿಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಅದು ಓದುವುದು ಯೂನಿಕೋಡಿನಲ್ಲಿರುವ ಕನ್ನಡವನ್ನು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಅದರ ಬಾಯಲ್ಲಿ ಅರ್ಥವಿಲ್ಲದ ಶಬ್ದವಾಗುತ್ತದೆ. ಪುಸ್ತಕದ ಹಾಳೆಯ ಫೋಟೋ ತೆಗೆದು ವಾಟ್ಸ್ಯಾಪಿಗೆ ಹಾಕಿದರೆ ಅದು ಮೂಕ. ಉಪನ್ಯಾಸಕರು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟರೆ ಸಾಕು, ಆ ವಿದ್ಯಾರ್ಥಿ ಯಾರ ಹಂಗೂ ಇಲ್ಲದೆ ರಾತ್ರಿ ಮನೆಯಲ್ಲಿ ಕೂತು ಓದುತ್ತಾನೆ. 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಇದೆ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. 2012ರ ತಿದ್ದುಪಡಿಯಲ್ಲೇ ಅದಕ್ಕೆ ಅವಕಾಶವಿದೆ.

ನಾಲ್ಕನೆಯದು ಹಣಕಾಸು. ಒಂಬತ್ತು, ಹತ್ತನೇ ತರಗತಿಗೆ ಮೆಟ್ರಿಕ್ ಪೂರ್ವ, ಪಿಯುಸಿಯಿಂದ ಸ್ನಾತಕೋತ್ತರದವರೆಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲಿನಲ್ಲಿದೆ. ತಾಂತ್ರಿಕ ಡಿಪ್ಲೊಮಾ, ಪದವಿ ಓದುವವರಿಗೆ ಎಐಸಿಟಿಇಯ ಸಕ್ಷಮ್ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್ ವ್ಯಾಪ್ತಿಗೆ ನಡೆಯುತ್ತದೆ. ಅಂಕೋಲೆಯಿಂದ ಕಾರವಾರ ಅದರ ಅರ್ಧವೂ ಇಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಮಕ್ಕಳಿಗೆ ಯಾಕೆ ಸಿಗುತ್ತಿಲ್ಲ? ಗ್ರಂಥಾಲಯದ ಮೇಜಿನ ಹಿಂದೆ ಕೂತು ನಾನು ಕಂಡ ಮುಖ್ಯ ಕಾರಣ ಒಂದೇ: ಕಾಗದ ಇಲ್ಲ, ಕೇಳುವ ರೂಢಿಯೂ ಇಲ್ಲ. ಹುಡುಗಿಯೊಬ್ಬಳು ಬಿ.ಎ. ಮೊದಲ ಸೆಮಿಸ್ಟರ್ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಬಂದು, "ಸರ್, ನನಗೆ ಪ್ರಶ್ನೆಪತ್ರಿಕೆಯ ಅಕ್ಷರ ಕಾಣುವುದಿಲ್ಲ" ಎಂದಳು. ದೃಷ್ಟಿ ಮಂದವಾದದ್ದು ಏಳನೇ ತರಗತಿಯಲ್ಲಿ. ಹತ್ತನೆಯದನ್ನು, ಪಿಯುಸಿಯನ್ನು ಹೇಗೋ ಕಣ್ಣು ಕಿರಿದು ಮಾಡಿ ಬರೆದಿದ್ದಳು. ಪ್ರಮಾಣಪತ್ರ ಮಾಡಿಸಿಯೇ ಇರಲಿಲ್ಲ. "ಮದುವೆಗೆ ತೊಂದರೆ ಆಗ್ತದೆ ಅಂತ ಆಯಿ ಬೇಡ ಅಂದ್ಲು" ಎಂದಳು. ನಾಲ್ಕು ದಿನದಲ್ಲಿ ಯಾವ ಕಚೇರಿಯೂ ಏನೂ ಮಾಡಲಾರದು. ಎರಡು ವಿಷಯಗಳು ಹೋದವು. ಮುಂದಿನ ಸಲ ಕಾಗದ ಇತ್ತು, ಸ್ಕ್ರೈಬ್ ಸಿಕ್ಕರು, ಪಾಸಾದಳು. ಆದರೆ ಆರು ತಿಂಗಳು ಅವಳು ತನ್ನನ್ನು ದಡ್ಡಿ ಎಂದು ತಿಳಿದುಕೊಂಡಿದ್ದಳು.

ಅದಕ್ಕೇ ಹೇಳುವುದು, ಕಾಲೇಜಿನ ಅನುಕೂಲ ಶುರುವಾಗಬೇಕಾದದ್ದು ಹೈಸ್ಕೂಲಿನಲ್ಲಿ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟು. ಎಂಟನೇ ತರಗತಿಗೆ ಮಗು ಬಂದಾಗಲೇ ಗಮನಿಸಿ. ಬೋರ್ಡ್ ನೋಡಲು ಎದ್ದು ಬರುವವನು, ಕರೆದರೆ ತಿರುಗದವನು, ಬಾಯಲ್ಲಿ ಚೆನ್ನಾಗಿ ಉತ್ತರ ಹೇಳಿ ಬರವಣಿಗೆಯಲ್ಲಿ ಸೋಲುವವನು, ಇವರೆಲ್ಲ ಸೋಮಾರಿಗಳಲ್ಲದಿರಬಹುದು. ಯುಡಿಐಡಿ ಗುರುತಿನ ಚೀಟಿಗೆ ಅರ್ಜಿ ಹಾಕಿಸಿ. ತಪಾಸಣೆ ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ಆಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಸ್ಕ್ರೈಬ್, ಹೆಚ್ಚುವರಿ ಸಮಯ, ಭಾಷಾ ವಿನಾಯಿತಿ ಬೇಕಿದ್ದರೆ ಅರ್ಜಿ ನಿಮ್ಮ ಮೂಲಕವೇ ಹೋಗಬೇಕು. ಅದರ ಒಂದು ಪ್ರತಿಯನ್ನು ವರ್ಗಾವಣೆ ಪತ್ರದ ಜೊತೆ ಮಗುವಿನ ಕೈಗೆ ಕೊಡಿ. ಕಾಲೇಜಿನಲ್ಲಿ ಅದನ್ನು ತೋರಿಸಿದರೆ ಅರ್ಧ ಕೆಲಸ ಆದಂತೆ. ಸಿಇಟಿ ಅರ್ಜಿಯಲ್ಲಿ ವಿಶೇಷಚೇತನರ ಕಾಲಂ ಖಾಲಿ ಬಿಟ್ಟು ಆಮೇಲೆ ಸೀಟು ಕೇಳಿದರೆ ಆಗುವುದಿಲ್ಲ ಎಂಬುದನ್ನೂ ತಿಳಿಸಿ.

ತಂದೆ-ತಾಯಂದಿರಲ್ಲಿ ವಿನಂತಿ: ಮುಚ್ಚಿಡಬೇಡಿ. ಪ್ರಮಾಣಪತ್ರ ಕಳಂಕವಲ್ಲ, ರೇಷನ್ ಕಾರ್ಡಿನ ಹಾಗೆ ಅದೊಂದು ಕಾಗದ. ಗ್ರಾಮ ಪಂಚಾಯತದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಕಂಡು ಮಾತಾಡಿ.

ಹಳೆಯ ವಿದ್ಯಾರ್ಥಿ ಮಿತ್ರರೇ, ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸುವ ಮಾತು ನಡೆದಿದೆ. ಕಟ್ಟಿಸೋಣ. ಅದಕ್ಕಿಂತ ಮೊದಲು ಆ ಐದು ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸೋಣ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು, ಕಡಿದಾಗಿ ಕಟ್ಟಿದರೆ ಪ್ರಯೋಜನವಿಲ್ಲ. ಎರಡೂ ಕಡೆ ಹಿಡಿಕೆ ಇರಲಿ, ಮೇಲ್ಮೈ ಒರಟಾಗಿರಲಿ. ನಮ್ಮ ಮಳೆ ನಿಮಗೆ ಗೊತ್ತೇ ಇದೆ. ಜೊತೆಗೆ ಸ್ಕ್ರೈಬ್ ಆಗಲು ಒಪ್ಪುವವರ ಒಂದು ಪಟ್ಟಿ ಶಾಲೆಯಲ್ಲಿರಲಿ. ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಅವನಿಗಿಂತ ಒಂದು ಹಂತ ಕೆಳಗೆ ಓದಿದವರಾಗಿರಬೇಕು ಎಂಬುದು 2018ರ ಮಾರ್ಗಸೂಚಿಯ ನಿಯಮವಾಗಿತ್ತು. ಆದ್ದರಿಂದ ನಮ್ಮಂಥ ಹಿರಿಯರು ಆಗಿಬರುವುದಿಲ್ಲ. ನಿಮ್ಮ ಮಕ್ಕಳು, ಇಲ್ಲಿ ಮುಂದೆ ಕೂತಿರುವ ಒಂಬತ್ತನೇ ತರಗತಿಯವರು, ಪಿಯುಸಿ ಓದುತ್ತಿರುವವರು ಬೇಕು. ಪರೀಕ್ಷೆಯ ದಿನ ಅವರನ್ನು ಕೇಂದ್ರಕ್ಕೆ ಮುಟ್ಟಿಸುವ ಕೆಲಸ ನಮ್ಮದಾಗಲಿ.

ಮಕ್ಕಳೇ, ಕೊನೆಯ ಮಾತು ನಿಮಗೆ. ಕಾಲೇಜಿಗೆ ಹೋದ ಮೊದಲ ವಾರವೇ ಪ್ರಾಂಶುಪಾಲರನ್ನು ಕಂಡು, ನನಗೆ ಇಂಥ ತೊಂದರೆ ಇದೆ, ಇಂಥ ಅನುಕೂಲ ಬೇಕು ಎಂದು ಬರವಣಿಗೆಯಲ್ಲಿ ಕೊಡಿ. ಸ್ವೀಕರಿಸಿದ್ದಕ್ಕೆ ಪ್ರತಿಯ ಮೇಲೆ ಸಹಿ ತೆಗೆದುಕೊಳ್ಳಿ. ತಲೆ ತಗ್ಗಿಸಿ ಕೇಳಬೇಕಾಗಿಲ್ಲ, ಜಗಳವಾಡಿಯೂ ಕೇಳಬೇಕಾಗಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಕೇಳುವ ಹಾಗೆ ಕೇಳಿ. ಪುಸ್ತಕ ಅಲ್ಲಿರುವುದೇ ನಿಮಗಾಗಿ.